ವೆಲ್ಲೂರಿನ ತನಕ ಸಾಬೂನು

ಕಾರಿನಡಿಯಿಂದ ಹೊರಚಾಚಿದ್ದ ಎರಡು ಪಾದಗಳನ್ನು ನೋಡಿಯೇ ರತ್ನಾವತಿಗೆ ಅದು ಪಂಢರಿನಾಥ ಎಂದು ಗೊತ್ತಾಯಿತು. ಹರಿದ ಕಾಲುಚೀಲದಿಂದ ಬಲಗಾಲಿನ ಹೆಬ್ಬೆರಳು ಎಂದಿನಂತೆ ಹೊರಗೆ ಇಣುಕುತ್ತಿತ್ತು.

ಗಿಂಡಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುವ ಈ ಧಾರವಾಡದ ಯುವಕ ಒಂದು ವರ್ಷದಿಂದ ಅವಳ ಅಪ್ಪನ ಅಡ್ಯಾರಿನ ಹೋಟೆಲಿನ ಮಹಡಿಯ ಕೋಣೆಯಲ್ಲಿದ್ದ. ಹಬ್ಬಗಳಲ್ಲಿ ಮನೆಯ ಪಂಕ್ತಿಯಲ್ಲೇ ಅವನ ಊಟ. ಇನ್ನೊಮ್ಮೆ ಸಾರು ಬೇಕೆಂದು ಕೇಳುವನು. ಬಡಿಸಲು ಬಂದದ್ದು ರತ್ನಾವತಿಯಲ್ಲದಿದ್ದರೆ ಸಾಕೆಂದು ಕೈ ಅಡ್ಡ ಹಿಡಿಯುವನು. ಅದಕ್ಕಿಂತ ಹೆಚ್ಚಿನ ಮಾತು ಅವರಿಬ್ಬರ ನಡುವೆ ಆಗಿರಲಿಲ್ಲ.

ಅಪ್ಪ ಸುಬ್ರಾಯರು ಪಕ್ಕದಲ್ಲಿ ನಿಂತು ಕಷ್ಟ ಹೇಳಿಕೊಳ್ಳುತ್ತಿದ್ದರು. ನಾಳೆ ವಿಜಯದಶಮಿ. ಬೆಳಿಗ್ಗೆ ಹೊರಟು ಸಂಜೆಗೆ ಬೆಂಗಳೂರು ಸೇರಬೇಕು. ಅಲ್ಲಿ ಬ್ಯಾಂಕಿನಲ್ಲಿರುವ ಹುಡುಗನ ಮನೆಯವರು ರತ್ನಾವತಿಯನ್ನು ನೋಡಲು ಕಾದಿರುತ್ತಾರೆ. ರೈಲಿನಲ್ಲಿ ಜಾಗವಿಲ್ಲ. ಕಾರಿನ ಪೆಟ್ರೋಲ್ ಟ್ಯಾಂಕು ತೊಟ್ಟಿಕ್ಕುತ್ತಿದೆ, ರೇಡಿಯೇಟರಿನಿಂದ ನೀರು ಸೋರುತ್ತಿದೆ. ಇವತ್ತು ಆಯುಧಪೂಜೆಯಾದ್ದರಿಂದ ಗ್ಯಾರೇಜಿನವನು "ನಾಳೈಕ್ಕು ವಾಂಗೊ ಸಾರ್" ಎಂದು ತಮಿಳಿನಲ್ಲಿ ನಾಳೆ ಬರಹೇಳಿ, ಒಂದು ಪೊಟ್ಟಣ ಪೂಜೆಯ ಪುರಿ ಕೊಟ್ಟು ಕಳಿಸಿದ್ದ. ಮನೆಯ ಸ್ಪ್ಯಾನರು, ಸ್ಕ್ರೂಡ್ರೈವರುಗಳೂ ಕುಂಕುಮ ಹಚ್ಚಿಸಿಕೊಂಡು ಈಳಿಗೆಮಣೆಯ ಪಕ್ಕ ದೇವರ ಮುಂದೆ ಮಲಗಿದ್ದವು. ನಾಳೆ ಮಂಗಳಾರತಿ ಆಗುವ ತನಕ ಅವನ್ನು ಯಾರೂ ಮುಟ್ಟುವಂತಿಲ್ಲ.

ಪಂಢರಿನಾಥ ಹೊರಗೆ ತೆವಳಿ ಬಂದು, ಬರಿಗೈಯಲ್ಲಿ ಆಗುವಷ್ಟು ಮಾಡುತ್ತೇನೆಂದ. ಮೊದಲು ಬಟ್ಟೆ ಒಗೆಯುವ ಬಾರ್ ಸಾಬೂನು ಬೇಕೆಂದ. ಸುಬ್ರಾಯರು ನಿರಾಳವಾಗಿ ಒಳಗೆ ಹೋದರು. ಸಾಬೂನು ತಂದದ್ದು ರತ್ನಾವತಿ. ಇದು ಫಲಿಸದಿರಲಿ ಎಂದು ಅವಳು ದೇವರಲ್ಲಿ ಕೇಳಿಕೊಂಡೇ ಬಂದಿದ್ದಳು.

"ಪೆಟ್ರೋಲಿನಾಗ ಸಾಬೂನು ಕರಗೂದಿಲ್ರಿ," ಎಂದ ಅವನು, ತುಂಡನ್ನು ನಾದುತ್ತ.

"ಅಷ್ಟು ನಾನೂ ಬಿಎಸ್ಸಿಯಲ್ಲಿ ಕಲ್ತಿದ್ದೇನೆ."

ಅವನ ತುಟಿಯಂಚು ಮೇಲೇರಿತು. ಟ್ಯಾಂಕಿನ ಬಿರುಕಿಗೆ ಸಾಬೂನು ಒತ್ತಿ ಎದ್ದವನು ರೇಡಿಯೇಟರಿನ ಮುಂದೆ ಬಂದು, ಅಡುಗೆಮನೆಯ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದ. "ಇಂಗ್ಲಿಷರು ಇದಕ್ಕ ಮೊಟ್ಟಿ ಒಡದು ಹಾಕ್ತಾರ."

"ಅಮ್ಮನಿಗೆ ಕೇಳಿದ್ರೆ ಕಾರಿಗೇ ಪಂಚಗವ್ಯ ಕುಡಿಸ್ತಾರೆ." ಅವಳು ಬಾಯಿಗೆ ಸೆರಗು ಒತ್ತಿ ನಕ್ಕಳು. ನಗುತ್ತಲೇ, ತಡೆಯುವ ಮೊದಲೇ ಮಾತು ಜಾರಿತು: "ಅರಸಿನ ಹಾಕಿ ನೋಡಿ. ಬಿಸಿನೀರಿನಲ್ಲಿ ಉಬ್ಬಿ ತೂತಿನಲ್ಲಿ ಕೂತ್ಕೊಳ್ತದೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತನ್ನನ್ನು ಕಳಿಸಿಕೊಡುವ ದಾರಿಯನ್ನು ತಾನೇ ಸರಿಮಾಡಿದಂತಾಯಿತು.

ಅರಸಿನ ಹಾಕಿ ಎಂಜಿನ್ ಓಡಿಸಿದರು. ಹನಿ ನಿಧಾನವಾಯಿತು, ನಿಂತಿತು. ಅವಳ ಬೆರಳುಗಳು ಹಳದಿಯಾಗಿದ್ದವು. ಅದನ್ನು ನೋಡಿ ಪಂಢರಿನಾಥ ಕಣ್ಣು ಬೇರೆ ಕಡೆ ತಿರುಗಿಸಿದ.

"ಸಾಬೂನು ವೆಲ್ಲೂರಿನ ತನಕ ನಿಲ್ತದ," ಎಂದ. "ಅಲ್ಲಿ ನೀವು ಇನ್ನೊಮ್ಮೆ ಹಚ್ಚಬೇಕು. ಬರ್ರಿ, ಕಲಿಸ್ತೀನಿ."

ಅವಳು ಕುಕ್ಕರಗಾಲಲ್ಲಿ ಕುಳಿತು ಕಲಿತಳು. ಅವನು ತೋರಿಸಿದಂತೆಯೇ ಹೆಬ್ಬೆರಳಿನಲ್ಲಿ ಒತ್ತಿದಳು. ಆಮೇಲೆ ತಲೆ ಎತ್ತದೆ ಕೇಳಿದಳು, "ಇಷ್ಟು ಚೆಂದ ಯಾಕೆ ಮಾಡಿದ್ರಿ?"

ಅವನು ಬೆರಳಿಗೆ ಮೆತ್ತಿದ್ದ ಸಾಬೂನನ್ನು ಉಜ್ಜಿ ತೆಗೆದ. "ನಿಮ್ಮನ್ನ ಕಳಸೂದು ನನಗ ಬ್ಯಾಡಾಗೇದ. ಹಂಗಂತ ಸುಳ್ಳು ಕೆಲಸ ಮಾಡಿ ನಿಮ್ಮನ್ನ ನಡುದಾರಿಯೊಳಗ ಬಿಸಿಲಿಗೆ ನಿಲ್ಲಸ್ಲಿ?"

ಉಳಿದ ಸಾಬೂನನ್ನು ಕರವಸ್ತ್ರದಲ್ಲಿ ಸುತ್ತಿ ಅವನು ಅವಳ ಕೈಗಿಟ್ಟ. ಆ ಪುಟ್ಟ ಗಂಟು ಅವನ ಅಂಗೈಯಷ್ಟೇ ಬೆಚ್ಚಗಿತ್ತು.

ಮರುದಿನ ಬೆಳಿಗ್ಗೆ ಮಂಗಳಾರತಿಯಾಯಿತು. ಕಾರಿಗೆ ಟ್ರಂಕು ಏರಿತು. ಹೊಸ ಸೀರೆಯುಟ್ಟ ರತ್ನಾವತಿ ಮಾತ್ರ ಬಾಗಿಲಲ್ಲೇ ನಿಂತಿದ್ದಳು. ವೆಲ್ಲೂರಿನಲ್ಲಿ ಮಾಡಬೇಕಾದ ಕೆಲಸವನ್ನು ಮಗಳಿಗೆ ಕಲಿಸಿದ್ದೇನೆಂದು ಪಂಢರಿನಾಥ ಸುಬ್ರಾಯರಿಗೆ ವಿವರಿಸುತ್ತಿದ್ದ.

"ಕಲ್ತಿದ್ದೇನೆ ಅಪ್ಪ," ಎಂದಳು ಅವಳು. "ಆದ್ರೆ ಹಚ್ಚುದಿಲ್ಲ. ಅಲ್ಲಿಗೆ ಹೋಗ್ಲಿಕ್ಕೆ ನಂಗೆ ಮನಸ್ಸಿಲ್ಲ." ಕರವಸ್ತ್ರದ ಗಂಟನ್ನು ಪಂಢರಿನಾಥನತ್ತ ಚಾಚಿದಳು. "ಹಚ್ಚುವವರು ಜೊತೆಗೆ ಇದ್ರೆ ಎಲ್ಲಿಗೆ ಬೇಕಾದ್ರೂ ಬರ್ತೇನೆ."

ಸುಬ್ರಾಯರು ಮಗಳನ್ನು ನೋಡಿದರು. ಪಂಢರಿನಾಥನ ಕಿವಿ ಕೆಂಪಾದದ್ದನ್ನೂ ನೋಡಿದರು. ಕಾರಿನ ಮಡ್‌ಗಾರ್ಡಿಗೆ ಒರಗಿ, ಬೆಂಗಳೂರಿನವರಿಗೆ ಟ್ರಂಕ್ ಕಾಲ್ ಮಾಡಿ ಯಾವ ಮುಖದಲ್ಲಿ ಮಾತಾಡಲಿ ಎಂದು ತಮ್ಮಷ್ಟಕ್ಕೆ ಗೊಣಗಿದರು. ಕೊನೆಗೆ ಅವನ ಕಡೆ ತಿರುಗಿ, ನಿಮ್ಮ ಹೆತ್ತವರು ಧಾರವಾಡದಲ್ಲೇ ಇರುವುದೇ ಎಂದು ಕೇಳಿದರು. ಹೌದೆಂದ.

"ಅಲ್ಲಿಯ ತನಕ ಈ ಸಾಬೂನು, ಅರಸಿನ ಎಲ್ಲ ನಿಲ್ತದಾ?"

ರತ್ನಾವತಿ ಮನಸ್ಸಿನಲ್ಲೇ ಬೇಡಿಕೊಂಡಳು: ಹೌದು ಎಂದುಬಿಡಿ, ಒಂದೇ ಒಂದು ಹೌದು.

"ಇಲ್ರಿ," ಎಂದ ಪಂಢರಿನಾಥ. "ಬೆಸುಗೆ ಹಾಕಸ್ಬೇಕು."

ಸುಬ್ರಾಯರು ಅವನನ್ನೇ ದಿಟ್ಟಿಸಿದರು. ಆಮೇಲೆ ಅವರ ಭುಜಗಳು ನಗುವಿನಲ್ಲಿ ಕುಲುಕಿದವು. "ಹಾಗಾದ್ರೆ ಗ್ಯಾರೇಜ್ ತೆರೆಯಲಿ ಮಾರಾಯ್ರೆ. ಗಟ್ಟಿ ಕೆಲಸ ಮಾಡಿಸಿಯೇ ಧಾರವಾಡಕ್ಕೆ ಹೊರಡುವ. ನಿಮ್ಮ ಅಪ್ಪನಿಗೆ ಒಂದು ಕಾಗದ ಬರೆದು ಹಾಕಿ." ಹೆಂಡತಿಗೆ ಸುದ್ದಿ ಹೇಳಲು ಅವರು ಒಳಗೆ ಹೋದರು.

ರತ್ನಾವತಿ ದೇವರ ಕೋಣೆಯಿಂದ ಸ್ಪ್ಯಾನರು ತಂದು ಅವನಿಗೆ ಕೊಟ್ಟಳು. ಅದರ ಕುಂಕುಮ ಅವನ ಅಂಗೈಗೆ ಹತ್ತಿತು. ಅವಳ ಉಗುರುಗಳಲ್ಲಿ ಅರಸಿನ ಇನ್ನೂ ಹಾಗೆಯೇ ಇತ್ತು.

"ಬೆಸುಗೆಗೆ ಟ್ಯಾಂಕು ಬಿಚ್ಚಿ," ಎಂದಳು. "ನಾನು ಹಿಡ್ಕೊಳ್ತೇನೆ."