ಲಯದ್ವಾರ

ಮೂರನೆಯ ಸಲವೂ ಪರದೆಯ ಮೇಲೆ ಅದೇ ಉತ್ತರ ಮೂಡಿತು: 'ಇದು ಸುನಂದಾ ಕಟಗೇರಿಯವರ ಕೈಯಲ್ಲ.'

ಎಪ್ಪತ್ತಮೂರು ವರ್ಷದ ಸುನಂದಾ ತಮ್ಮ ನಡುಗುವ ಬೆರಳುಗಳನ್ನು ನೋಡಿಕೊಂಡರು. "ಮತ್ಯಾರದ್ದಂತೋ ಪ್ರಮಥ, ಈ ಕೈ?"

ಡಾ. ಪ್ರಮಥ ಜಾಲಿಹಾಳನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನರಗುಂದದ ಇದೇ ವಿಶ್ವವಿದ್ಯಾಲಯದಲ್ಲಿ ಅವನಿಗೆ ಕೀಲಿಮಣೆಯಲ್ಲಿ ಟೈಪಿಂಗ್ ಕಲಿಸಿದವರು ಅವರು. ಅವರನ್ನೀಗ ಹೊರಗೆ ನಿಲ್ಲಿಸಿದ 'ಲಯದ್ವಾರ' ಅವನದೇ ಆವಿಷ್ಕಾರ.

ಹಿಂದೆ ವಿಶ್ವವಿದ್ಯಾಲಯದ ಗಣಕಜಾಲವನ್ನು ಹೊಗಲು ಪ್ರತಿ ವಿದ್ಯಾರ್ಥಿಗೂ ಒಂದು ಗುಪ್ತಪದವಿತ್ತು. ಗುಪ್ತ ಎಂಬುದು ಹೆಸರಿಗೆ ಮಾತ್ರ. ಇಡೀ ಹಾಸ್ಟೆಲಿಗೆ ಅದು ಗೊತ್ತಿರುತ್ತಿತ್ತು. ಒಬ್ಬನ ಪರೀಕ್ಷೆಯನ್ನು ಇನ್ನೊಬ್ಬ ಬರೆದು ಪಾಸಾದದ್ದೂ ಉಂಟು. ಲಯದ್ವಾರಕ್ಕೆ ಗುಪ್ತಪದ ಬೇಕಿಲ್ಲ. ಅದು ಕೊಟ್ಟ ಸಾಲನ್ನು ಟೈಪ್ ಮಾಡಿದರೆ, ಬೆರಳು ಎಲ್ಲಿ ತಡೆಯಿತು, ಎಲ್ಲಿ ಓಡಿತು ಎಂದು ಅಳೆದು, ಆ ಖಾತೆಯಲ್ಲಿ ಮೊದಲಿನಿಂದ ದಾಖಲಾದ ಲಯಕ್ಕೆ ಹೋಲಿಸಿ ಒಳಗೆ ಬಿಡುತ್ತದೆ. ಒಬ್ಬರ ಲಯ ಇನ್ನೊಬ್ಬರಿಗೆ ಬಾರದು ಎಂಬ ನಂಬಿಕೆಯಲ್ಲಿ ಪ್ರಮಥ ಹನ್ನೊಂದು ವರ್ಷ ದುಡಿದಿದ್ದ. ಲಯದಿಂದ ಗುರುತು ಸಿಗದ ಹಳೆಯ ಖಾತೆಗಳೆಲ್ಲ ಇಂದು ಸಂಜೆ ಐದಕ್ಕೆ ಅಳಿಸಿಹೋಗಲಿದ್ದವು.

ಸುನಂದಾ ಅವರ ಖಾತೆಯಲ್ಲಿ, ಅವರು ಗಣಕದ ಲ್ಯಾಬಿನಲ್ಲಿ ಕಲಿಸುತ್ತಿದ್ದ ಕಾಲದ ಒಂದು ಕಡತವಿತ್ತು. ಚಪ್ಪಲಿ ಹೊರಗೆ ಬಿಟ್ಟು, ರಿಜಿಸ್ಟರಿನಲ್ಲಿ ಸಹಿ ಹಾಕಿ, ಒಂದು ಗಣಕಕ್ಕೆ ಇಬ್ಬರಂತೆ ಒತ್ತಿಕೊಂಡು ಕೂರುತ್ತಿದ್ದ ಕಾಲ ಅದು. ಎಂಥ ಚೆಂದದ ಕಾಲ! ಪ್ರತಿ ವರ್ಷ ಲ್ಯಾಬಿನ ಕೊನೆಯ ದಿನ ಪ್ರತಿಯೊಬ್ಬ ವಿದ್ಯಾರ್ಥಿಯೂ ಆ ಕಡತದಲ್ಲಿ ಒಂದು ಸಾಲು ಬರೆದೇ ಮನೆಗೆ ಹೋಗಬೇಕಿತ್ತು. ಇಪ್ಪತ್ತಾರು ವರ್ಷಗಳ ಸಾಲುಗಳು ಅದರಲ್ಲಿದ್ದವು.

"ಅವನ್ನ ಒಮ್ಮೆ ಓದಬೇಕಂತ ಬಂದೆ. ನಿನಗಾದ್ರೂ ತೆಗ್ಯಾಕ ಬರ್ತದೇನು?"

"ಇಲ್ರಿ ಮೇಡಂ. ನನಗೂ ತೆಗ್ಯಾಕ ಬರಬಾರದು ಅಂತನ ಹಂಗ ಮಾಡೀನಿ."

ಕೀಲಿಮಣೆಯೇ ಕೆಟ್ಟಿರಬಹುದೆಂಬ ಕೊನೆಯ ಆಸೆಯಿಂದ ಪ್ರಮಥ ಅದೇ ಸಾಲನ್ನು ತಾನು ಟೈಪ್ ಮಾಡಿ ನೋಡಿದ. ಸುನಂದಾ ಅಭ್ಯಾಸಬಲದಿಂದ ಮೇಜು ತಟ್ಟಿದರು: ಧಾ ಧಿನ್ ಧಿನ್ ಧಾ. ತಬಲಾ ವಾದಕರ ಮಗಳಾದ ಅವರು ಟೈಪಿಂಗ್ ಕಲಿಸುತ್ತಿದ್ದುದೇ ತೀನ್ ತಾಳದಲ್ಲಿ; ತಪ್ಪಿದವರು ಮತ್ತೆ ಮೊದಲಿನಿಂದ ಶುರುಮಾಡಬೇಕಿತ್ತು. ಇಂದು ಅವರ ಕೈಯೇ ತಾಳ ತಪ್ಪಿತು. ಪ್ರಮಥನ ಬೆರಳು ತಪ್ಪಲಿಲ್ಲ.

'ಸ್ವಾಗತ, ಸುನಂದಾ ಕಟಗೇರಿ' ಎಂದಿತು ಯಂತ್ರ.

ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಪ್ರಮಥ ಗಡಿಬಿಡಿಯಲ್ಲಿ ಕಡತದ ಪ್ರತಿ ತೆಗೆದ. ಆಮೇಲೆ ಅವನಿಗೆ ಹೊಳೆಯಿತು: ಅವರು ಕಲಿಸಿದವರೆಲ್ಲರ ಬೆರಳಲ್ಲೂ ಇದೇ ಲಯವಿದೆ. ಇವರ ಬಳಿ ಕಲಿತವರಲ್ಲಿ ಯಾರು ಬೇಕಾದರೂ ಯಾರ ಖಾತೆಯನ್ನಾದರೂ ತೆರೆಯಬಲ್ಲರು! ಹನ್ನೊಂದು ವರ್ಷದ ಕೆಲಸ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು.

"ನಾಳಿಂದ ಇದನ್ನ ಬಂದ್ ಮಾಡಬೇಕಾಗ್ತದ್ರಿ ಮೇಡಂ," ಎಂದ.

ಸುನಂದಾ ಕಡತದ ಕಡೆ ನೋಡಲೇ ಇಲ್ಲ. ಅವನ ಎರಡೂ ಕೈಗಳನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನನ್ನ ಕೈ ಹೋದವು ಅಂತ ಎರಡು ವರ್ಷದಿಂದ ಅಳಾಕತ್ತೀನಿ. ಇಲ್ಲೇ ಅದಾವಲ್ಲೋ! ಇನ್ನೂ ಎಷ್ಟು ಮಂದಿ ಕಡೆ ಅದಾವು?"

ಲಯದ್ವಾರದ ದೋಷದ ಬಗ್ಗೆ ವರದಿಯಲ್ಲಿ ಬರೆಯಬೇಕಾಗಿದ್ದ ಆ ಲೆಕ್ಕವನ್ನು ಪ್ರಮಥ ಆಗಲೇ ಮನಸ್ಸಿನಲ್ಲಿ ಮಾಡಿ ಹೆದರಿದ್ದ.

"ಹದಿನೈದು ನೂರು ಮಂದಿ ಕಡೆ ಅದಾವ್ರಿ, ಮೇಡಂ."