ಎಂಬತ್ತನಾಲ್ಕು ಲೀಟರಲ್ಲ, ಎಂಬತ್ತನಾಲ್ಕು ಕಿಲೋ

ಮೇ 14, ಮಂಗಳವಾರ ಬೆಳಗ್ಗೆ 9.40ಕ್ಕೆ ದ್ವೀಪದ ಬಂದರು ಊರು ಲೆವುಕಾದ ಠಾಣೆಗೆ ಒಂದು ಲಿಖಿತ ದೂರು ಬಂತು. ಕೊಟ್ಟವರು ಹಡಗು ಕಂಪನಿಯ ಬಂದರು ಮ್ಯಾನೇಜರ್ ರಾತು ಕಿತಿಯೋನೆ. ‘ರಾತು’ ಎಂದರೆ ಮುಖಂಡರ ಮನೆತನದವರು. ‘ಸೆನಿ ನಿ ವಸಾ’ ಹಡಗಿನ ಎಂಜಿನ್ ನೋಡಿಕೊಳ್ಳುವ ಅಪೆನಿಸಾ ಎಂಬಾತ ಡೀಸೆಲ್ ಕದ್ದು ಮಾರಿದ್ದಾನೆ, ಅದರಿಂದಲೇ ಶನಿವಾರ ಹಡಗು ನಡುಸಮುದ್ರದಲ್ಲಿ ನಿಂತಿತು ಎಂದು ದೂರು.

ಎಂಜಿನ್ ನಿಂತಿದ್ದು ಮಧ್ಯಾಹ್ನ. ಅಲ್ಲಿಂದ ಎಂಟು ಗಂಟೆ ಹಡಗು ಅಲೆಯ ಪಾಲು. ಮೋಲಾ ದ್ವೀಪದಿಂದ ಆಸ್ಪತ್ರೆಗೆಂದು ಬರುತ್ತಿದ್ದ ಒಂಬತ್ತು ವರ್ಷದ ಮೆರೆವೈ, ಹೊಟ್ಟೆಯೊಳಗೆ ಕರುಳು ಒಡೆದು, ಹಡಗಿನಲ್ಲೇ ತೀರಿಕೊಂಡಳು. ಲೆವುಕಾದ ಬೆಟ್ಟ ಕಣ್ಣಿಗೆ ಕಾಣುತ್ತಿತ್ತು.

ಅವಳ ತಾಯಿ ಉನೈಸಿ ಠಾಣೆಯ ಬೆಂಚಿನ ಮೇಲೆ ಕಪ್ಪು ಬಟ್ಟೆಯಲ್ಲಿ ಕೂತಿದ್ದಳು.

"ಕದ್ದೋನು ಯಾರು ಅಂತ ಹೇಳಿ ಸಾಕು ಮೇಡಂ. ನಾನು ಊರಿಗೆ ಹೋಗಿ ಅವಳ ಅಪ್ಪನಿಗೆ ಏನಾದ್ರೂ ಹೇಳ್ಬೇಕಲ್ಲ."

ಇನ್‌ಸ್ಪೆಕ್ಟರ್ ಲಿತಿಯಾ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಬಿಸುನ್ ಜೊತೆ 10.30ಕ್ಕೆ ಬಂದರಿನ ಕಟ್ಟೆಗೆ ಹೋದರು. ಅಪೆನಿಸಾ ಹಡಗಿನ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಕೂತಿದ್ದ.

"ಹೊರಡುವಾಗ ತೊಟ್ಟಿಯಲ್ಲಿ ಎಷ್ಟಿತ್ತು?"

"ಸಾವಿರದ ಏಳುನೂರ ಅರವತ್ತು ಲೀಟರ್."

"ಗಂಟೆಗೆ ಎಂಬತ್ತನಾಲ್ಕು ಲೀಟರ್ ಅಂತಾರೆ ರಾತು. ಹೋಗಿ ಬರೋಕೆ ಇಪ್ಪತ್ತು ಗಂಟೆ. ಸಾವಿರದ ಆರುನೂರ ಎಂಬತ್ತು ಸಾಕು. ಉಳಿದದ್ದೆಲ್ಲಿ?"

"ಉಳಿಯೋಕೆ ಇತ್ತೆಲ್ಲಿ ಮೇಡಂ? ಎಂಬತ್ತನಾಲ್ಕು ಲೀಟರ್ ಅಲ್ಲ ಅದು, ಕಿಲೋ. ಡೀಸೆಲ್ ಖರ್ಚಿನ ಹಳೇ ಮೀಟರ್ ಲೀಟರ್ ಅಳತೆ ಹೇಳ್ತಿತ್ತು. ಮೂರು ತಿಂಗಳ ಹಿಂದೆ ಹಾಕಿದ್ದು ತೂಕ ಹೇಳುತ್ತೆ."

ಬಿಸುನ್ ತಲೆ ಕೆರೆದುಕೊಂಡ. "ಲೀಟರ್ ಅಂದ್ರೆ ಕಿಲೋ ಅಲ್ವಾ ಅಣ್ಣಾ?"

"ನೀರಾದ್ರೆ ಹೌದು. ನಿನ್ನ ಮದುವೇಲಿ ಡೀಸೆಲ್ ಕುಡಿಸಿದ್ರಾ?"

ಲಿತಿಯಾ ಬಾಯಿಮಾತು ನಂಬುವವರಲ್ಲ. 11.15ಕ್ಕೆ ಕಟ್ಟೆಯ ಒಣಕೊಬ್ಬರಿ ತೂಗುವ ತಕ್ಕಡಿಯ ಹತ್ತಿರ ಮಹಜರು ಮಾಡಿಸಿದರು. ಪಂಚರು ಇಬ್ಬರು: ಕೊಬ್ಬರಿ ತೂಗುವವನು, ಬ್ರೆಡ್ ಮಾರುವ ಹೆಂಗಸು. ಖಾಲಿ ಡಬ್ಬಿ ಇನ್ನೂರು ಗ್ರಾಂ. ಒಂದು ಲೀಟರ್ ಡೀಸೆಲ್ ಸುರಿದಾಗ ಸಾವಿರದ ನಲವತ್ತು. ಡೀಸೆಲ್ ತೂಕ ಎಂಟುನೂರ ನಲವತ್ತು ಗ್ರಾಂ.

ಹಾಗಾದರೆ ಗಂಟೆಗೆ ಎಂಬತ್ತನಾಲ್ಕು ಕಿಲೋ ಎಂದರೆ ನೂರು ಲೀಟರ್. ತುಂಬಿದ್ದು ಹದಿನೇಳು ಗಂಟೆ ಮೂವತ್ತಾರು ನಿಮಿಷಕ್ಕೆ ಮುಗಿಯಬೇಕು. ಎಂಜಿನ್ ದಿನಚರಿ ತೆಗೆಸಿದರು. ಹೋಗುವಾಗ ಹತ್ತು ಗಂಟೆ. ಬರುವಾಗ ಬೆಳಗ್ಗೆ ಐದಕ್ಕೆ ಹೊರಟು 12.36ಕ್ಕೆ ನಿಂತಿದೆ. ಒಂದು ಹನಿಯೂ ಕಳುವಾಗಿರಲಿಲ್ಲ.

"ಕಮ್ಮಿ ಅಂತ ಗೊತ್ತಿದ್ದೂ ಹೊರಟೆಯಲ್ಲ?"

"ಎರಡು ಸಾವಿರದ ಮುನ್ನೂರು ಲೀಟರ್ ಕೇಳಿದ್ದೆ. ರಾತು ಚೀಟಿಯಲ್ಲೇ ಹೊಡೆದುಹಾಕಿದ್ರು. ಇಳಿಯೋದಾದ್ರೆ ಇಳಿ ಅಂದ್ರು. ಮೋಲಾದಲ್ಲಿ ಸಿಗುತ್ತೆ ಅಂದ್ಕೊಂಡೆ, ಸಿಗಲಿಲ್ಲ. ತಲೆ ತಗ್ಗಿಸಿದ್ದು ನನ್ನ ತಪ್ಪು. ಬರ್ಕೊಳ್ಳಿ."

ಡೀಸೆಲ್ ಬೇಡಿಕೆಯ ಆ ಚೀಟಿ ಸಿಕ್ಕಿತು. 2,300 ಎಂದಿದ್ದುದನ್ನು ಹೊಡೆದು 1,760 ಎಂದು ತಿದ್ದಿ ರಾತು ಸಹಿ ಹಾಕಿದ್ದರು.

ಮಧ್ಯಾಹ್ನ ರಾತು ಕಚೇರಿಯಲ್ಲಿ ಶಾಂತವಾಗಿ ಹೇಳಿದರು: "ತೂಕನೋ ಅಳತೆನೋ, ನನಗೆ ಯಾರು ಹೇಳಿದ್ರು? ಗೊತ್ತಿಲ್ಲದೆ ಆದದ್ದು. ಕಳ್ಳತನ ಅಲ್ಲ ಅಂದ್ರೆ ದೂರು ವಾಪಸ್ ತಗೋತೀನಿ, ಮುಗೀತಲ್ಲ."

ಮುಗೀತಂತೆ! ಮಗು ಲೆವುಕಾದಲ್ಲೇ ಮಣ್ಣಾಗಿ ಇನ್ನೂ ಒಂದು ದಿನ ಕಳೆದಿರಲಿಲ್ಲ.

ಮೀಟರ್ ವಿಷಯ ರಾತುಗೆ ಯಾರಾದರೂ ಹೇಳಿದ್ದರೇ ಎಂದು ಕಟ್ಟೆಯ ಎಂಟು ಜನ ಕೂಲಿಗಳನ್ನು ಬುಧವಾರವಿಡೀ ವಿಚಾರಿಸಿದರು. ಎಲ್ಲರದೂ ಒಂದೇ ಮಾತು: ನಾವು ಕಂಡಿಲ್ಲ, ಕೇಳಿಲ್ಲ. ಮುಖಂಡರ ಮನೆಯವರ ಎದುರು ಇಲ್ಲಿ ಯಾರೂ ದನಿ ಎತ್ತುವುದಿಲ್ಲ. ಅದು ಮರ್ಯಾದೆ ಎನ್ನುತ್ತಾರೆ. ಆ ಮರ್ಯಾದೆಯ ಅಡಿಯಲ್ಲಿ ಏನೇನು ಹೂತುಹೋಗಿದೆಯೋ ದೇವರೇ ಬಲ್ಲ.

ಗುರುವಾರ ಸಂಜೆ ನಾಲ್ಕಕ್ಕೆ ಕಟ್ಟೆಯಲ್ಲೇ ಕಾಲ ಕಳೆಯುವ ಮುದುಕ ಸವೆನಾಕಾ ತಾನಾಗಿಯೇ ಠಾಣೆಗೆ ಬಂದ. ಅವನ ದ್ವೀಪಕ್ಕೂ ರಾತು ದ್ವೀಪಕ್ಕೂ ತಾತಮುತ್ತಾತರ ಕಾಲದಿಂದ ಗೇಲಿಯ ನಂಟು. ಮುಖದ ಮೇಲೆಯೇ ಏನಂದರೂ ಅವನ ಮೇಲೆ ಸಿಟ್ಟಾಗುವಂತಿಲ್ಲ.

"ಉಳಿದೋರ ಬಾಯಿಗೆ ಬೀಗ ಮೇಡಂ. ನನ್ನ ಬಾಯಿಗೆ ಇಲ್ಲ. ಅವರನ್ನೂ ಕರೆಸಿ, ಎದುರಿಗೇ ಹೇಳ್ತೀನಿ."

ರಾತು ಬಂದರು. ಮುದುಕ ನೆಲದ ಮೇಲೆ ಕೂತೇ ಶುರುಮಾಡಿದ.

"ಏನ್ ರಾತು, ಯಾರೂ ಹೇಳ್ಲಿಲ್ವಾ? ಹಡಗು ಹೊರಡೋ ಹಿಂದಿನ ಸಂಜೆ ಯಂಗೋನಾ ಬೇರಿನ ರಸ ಕುಡೀತಾ ಎಲ್ಲಾ ಚಾಪೆ ಮೇಲಿದ್ವಿ. ಅಪೆನಿಸಾ ಒಂದು ಕರಟದ ತುಂಬ ನೀರು, ಅದೇ ಅಳತೆ ಕರಟದ ತುಂಬ ಕೊಬ್ಬರಿ ಎಣ್ಣೆ ತಂದು ನಿಮ್ಮ ಕೈಗೇ ಕೊಟ್ಟ. ಯಾವುದು ಭಾರ ನೋಡಿ ಅಂದ. ನೀವು ನೋಡಿದ್ರಿ."

ರಾತು ಗೋಡೆ ನೋಡಿದರು.

"ಆಗ ನಾನಂದೆ, ರಾತು ತಲೆನೂ ನಮ್ಮ ತಲೆಯಷ್ಟೇ ದಪ್ಪ, ತೂಗಿದ್ರೆ ಮಾತ್ರ ಹಗುರ ಅಂತ. ಎಲ್ಲಾ ಬಿದ್ದುಬಿದ್ದು ನಕ್ಕರು. ನೀವು ಎದ್ದು ಹೋದ್ರಿ." ಮುದುಕ ತನ್ನ ಎದೆ ಮುಟ್ಟಿಕೊಂಡ. "ಹಾಸ್ಯ ನನ್ನದು ಕಣ್ರೀ. ನನ್ನ ಮೇಲೆ ತೀರಿಸ್ಕೋಬೇಕಿತ್ತು."

"ಬೆಳಗಾಗೆದ್ದು ಚೀಟಿ ತಿದ್ದಿದ್ರಿ," ಎಂದರು ಲಿತಿಯಾ. "ಗೊತ್ತಿದ್ದೇ ತಿದ್ದಿದ್ರಿ."

ಕೊನೆಗೆ ರಾತು ಬಾಯಿ ಬಿಟ್ಟರು. "ಆರನೇ ಕ್ಲಾಸ್ ಓದಿದೋನು ಎಲ್ಲರೆದುರು ನನಗೆ ಪಾಠ ಹೇಳಿದ. ಎಂಬತ್ತನಾಲ್ಕರ ಲೆಕ್ಕದಲ್ಲೇ ಹಡಗು ವಾಪಸ್ ಬಂದುಬಿಟ್ಟಿದ್ರೆ ಅವನ ಬಾಯಿ ಮುಚ್ಚುತ್ತಿತ್ತು. ಸ್ವಲ್ಪ ಎಳೆದಾಡಿ ಬರುತ್ತೆ ಅಂದ್ಕೊಂಡಿದ್ದೆ."

ಸಂಜೆ 5.15ಕ್ಕೆ ಜೀವಹಾನಿ ಮತ್ತು ಸುಳ್ಳು ದೂರಿನ ಆರೋಪದ ಮೇಲೆ ರಾತು ಕಿತಿಯೋನೆಯನ್ನು ಬಂಧಿಸಲಾಯಿತು. ಆ ಮನುಷ್ಯನಿಗೆ ಲೆಕ್ಕ ಬರದೇ ಇದ್ದದ್ದಲ್ಲ. ಇನ್ನೊಬ್ಬನಿಂದ ಕಲಿತೆ ಎಂದು ಒಪ್ಪಿಕೊಳ್ಳುವುದು ಬರಲಿಲ್ಲ.

ಲಿತಿಯಾ ಹೊರಗೆ ಬಂದು ಉನೈಸಿಯ ಪಕ್ಕ ಕೂತರು.

"ಅಪೆನಿಸಾ ಕದ್ದಿಲ್ಲಮ್ಮ. ರಾತು ಬೇಕಂತಲೇ ಕಮ್ಮಿ ತುಂಬಿಸಿದ್ರು."

"ಯಾಕಂತೆ?"

"ಅವರನ್ನ ನೋಡಿ ಜನ ನಕ್ಕರಂತೆ."

ಉನೈಸಿ ಆ ಮಾತನ್ನು ತನ್ನೊಳಗೆ ಎರಡು ಸಲ ಹೇಳಿಕೊಂಡಳು.

"ಇದನ್ನ ಅವಳ ಅಪ್ಪನಿಗೆ ಹೇಗೆ ಹೇಳ್ಲಿ ಮೇಡಂ?" ಎಂದಳು. "ಕಳ್ಳತನ ಆಗಿದ್ರೆ ಹೇಳಬಹುದಿತ್ತು."