ಅವಿಭಾಜ್ಯ ನಿಮಿಷಗಳಲ್ಲಿ ಕೂಗಿದ ಕಪ್ಪೆ

ತನ್ನ ಪೋಸ್ಟರಿನ ಪಕ್ಕದಲ್ಲಿದ್ದ ಪೋಸ್ಟರಿನ ಸಾಲುಗಳನ್ನು ಬ್ರಿಯೋನಿ ಎರಡನೇ ಸಲ ಓದಿದಳು.

'ಇಪ್ಪತ್ತು ವರ್ಷಗಳಿಂದ ಯಾರಿಗೂ ಕಾಣದ ಗೊರಕೆ ಕಪ್ಪೆ ಬದುಕಿದೆ. ಏಳು, ಹನ್ನೊಂದು, ಹದಿಮೂರು... ಅವಿಭಾಜ್ಯ ಸಂಖ್ಯೆಯ ನಿಮಿಷಗಳಲ್ಲೇ ಅದು ಕೂಗುತ್ತದೆ.'

ಹೋಬಾರ್ಟ್ ನಗರದ ಆ ಸಭಾಂಗಣದ ತುಂಬ ಪದವಿ ವಿದ್ಯಾರ್ಥಿಗಳ ಸಂಶೋಧನೆಗಳೇ. ಜೀವಶಾಸ್ತ್ರಕ್ಕೆ ಗಣಿತ ಬೆರೆಸಿದವರೆಲ್ಲ ಅಲ್ಲಿದ್ದರು. ಆದರೆ ಈ ಅಂಕಿಗಳು ಅವಳವು! ಪ್ರತಿ ಅಮಾವಾಸ್ಯೆಯ ಸಂಜೆ ಜೌಗಿನ ಪೂರ್ವ ದಂಡೆಯಲ್ಲಿ ಕೂತು, ಆ ಕಪ್ಪೆಯ ಹಳೆಯ ಧ್ವನಿಮುದ್ರಿತ ಕೂಗನ್ನು ಅವಳು ಸ್ಪೀಕರಿನಲ್ಲಿ ಹಾಕುತ್ತಿದ್ದುದು ಸರಿಯಾಗಿ ಆ ನಿಮಿಷಗಳಿಗೆ, ಬೇರೆ ಸದ್ದಿನೊಡನೆ ಗೊಂದಲವಾಗದಿರಲೆಂದು ತಾನೇ ಆರಿಸಿದ ನಿಮಿಷಗಳಿಗೆ. ಒಂದಾದರೂ ಉಳಿದಿದ್ದರೆ ಉತ್ತರ ಕೊಡಲಿ ಎಂದು.

ಕೊಟ್ಟಿತ್ತು ಕೂಡ. ಪ್ರತಿ ಸಲವೂ ಮಂಜಿನೊಳಗಿಂದ, ಮೂರು ಬಾರಿ. ಅವಳ ಪೋಸ್ಟರ್ ನಿಂತಿದ್ದೇ ಆ ಉತ್ತರದ ಮೇಲೆ.

"ನನ್ನ ನೋಟ್‌ಬುಕ್ ಕದ್ದಿದ್ದೀಯಾ?" ಆ ಪೋಸ್ಟರಿನ ಬಳಿ ನಿಂತಿದ್ದವನನ್ನು ಅವಳು ಕೇಳಿದಳು.

"ಕದಿಯೋಕೆ ನೀನ್ಯಾರು ಅಂತಾನೇ ಗೊತ್ತಿಲ್ವಲ್ಲ" ಎಂದ ಫಿನ್ಲೆ, ಬೇರೆ ವಿಶ್ವವಿದ್ಯಾಲಯದ ಹುಡುಗ. "ಜೌಗಿನ ಪಶ್ಚಿಮ ದಂಡೇಲಿ ಒಂದು ವರ್ಷ ಪ್ರತಿ ಅಮಾವಾಸ್ಯೆ ನಡುಗ್ತಾ ಕೂತು ಬರೆದಿದ್ದು ಇದು."

"ಕೂತು ಏನ್ ಮಾಡ್ತಿದ್ದೆ?"

"ಕಪ್ಪೆ ಕೂಗಿದಾಗೆಲ್ಲ ಸ್ಪೀಕರಿಂದ ಉತ್ತರ ಕೊಡ್ತಿದ್ದೆ. ಮೂರು ಸಲ."

"ಮೂರು ಸಲ? ಆ ಕೂಗು ನನ್ನ ಸ್ಪೀಕರಿಂದು, ಪೂರ್ವ ದಂಡೇಲಿ!" ಎಂದಳು ಬ್ರಿಯೋನಿ. ಅವನಿಗೂ ಅರ್ಥವಾಯಿತು.

ಇಡೀ ವರ್ಷ, ಸತ್ತ ಕಪ್ಪೆಯ ದನಿಯಲ್ಲಿ ಅವರಿಬ್ಬರೇ ಕೂಗಾಡಿಕೊಂಡಿದ್ದರು. ನಡುವಿನ ನೀರಿನಲ್ಲಿ ಗೊರಕೆ ಕಪ್ಪೆ ಇರಲೇ ಇಲ್ಲ.

ತೀರ್ಪುಗಾರ್ತಿ ಮಾರ್ಗೋ ಎರಡು ಪೋಸ್ಟರ್ ಆಚೆ ಇದ್ದರು. ಬಾಯಿ ಮುಚ್ಚಿಕೊಂಡರೆ ಬಹುಮಾನ ಇಬ್ಬರಲ್ಲಿ ಒಬ್ಬರಿಗೆ ಖಚಿತ.

'ಹೇಳಿದರೆ ಒಂದು ವರ್ಷ ನೀರಲ್ಲಿ ಹೋಮ...' ಎಂದುಕೊಂಡಳು ಬ್ರಿಯೋನಿ.

"ಹೇಳದಿದ್ರೆ ಆ ಜೌಗಿನ ಕಡೆ ಮತ್ತೆ ತಲೆ ಹಾಕೋಕಾಗಲ್ಲ" ಎಂದ ಫಿನ್ಲೆ, ಮೆಲ್ಲಗೆ.

ಇಬ್ಬರೂ ಹೋಗಿ ಮಾರ್ಗೋಗೆ ಎಲ್ಲ ಹೇಳಿದರು. ಮಾರ್ಗೋ ಕನ್ನಡಕ ಏರಿಸಿಕೊಂಡು ಎರಡೂ ಪೋಸ್ಟರುಗಳ ಅಂಕಿಗಳನ್ನು ಹೋಲಿಸಿ ನೋಡಿದರು.

"ಇಬ್ಬರ ಲೆಕ್ಕವೂ ಸರಿ ಇದೆ. ಕಪ್ಪೆ ಮಾತ್ರ ಇಲ್ಲ."

ಹಿಂದಿನ ಮೆಟ್ಟಿಲ ಮೇಲೆ ಕೂತು ಬ್ರಿಯೋನಿ ಅತ್ತಳು. ಫಿನ್ಲೆ ಎರಡು ಕಪ್ ಚಹಾ ತಂದು ಪಕ್ಕದಲ್ಲಿ ಕೂತ.

"ಬಹುಮಾನ ಹೋಯ್ತು ಅಂತಾನಾ?"

"ಅಲ್ಲ. ಆ ಮಂಜಲ್ಲಿ ಒಬ್ಳೇ ಕೂತು ಭಯಕ್ಕೆ ನಂಗೆ ಜೀವ ಹೋಗ್ತಿತ್ತು ಕಣೋ. ಉತ್ತರ ಬಂದ್ಮೇಲೇ ಸಮಾಧಾನ ಆಗ್ತಿದ್ದಿದ್ದು. ಅಲ್ಲಿ ಯಾರೋ ಇದ್ದಾರೆ ಅಂತ..."

"ನಾನೂ ಅಷ್ಟೇ. ನೀನು ಕೂಗೋ ತನಕ ಕಾರಿಂದ ಕೆಳಗೇ ಇಳೀತಿರಲಿಲ್ಲ."

ಅವಳು ಕಣ್ಣೊರೆಸಿಕೊಂಡು ಅವನನ್ನು ನೋಡಿದಳು. ವರ್ಷವಿಡೀ ತಾನು ಕಾದಿದ್ದು ಇವನಿಗೇ!

"ಈ ಅಮಾವಾಸ್ಯೆಗೆ ಹೋಗ್ತೀಯಾ?"

"ಹೋಗೋಣ. ಒಂದೇ ದಂಡೆಗೆ. ಸ್ಪೀಕರ್ ಬೇಡ."

"ಏನೂ ಕೂಗದೇ ಹೋದ್ರೆ?"

"ನನ್ನ ಹೆಸರು ಹಿಡಿದು ಕರಿ. ಓ ಅಂತೀನಿ."